ನಮ್ಮ ದೇಹದ ಸಂಧಿಗಳು

(ಅಂತಿಮ ಬಿ. ಎ. ತರಗತಿ)

‘ಸಂಧಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಲಾ ವಿಭಾಗದ ನಮಗೆ ನೆನಪಾಗುವುದು ಲೋಪ, ಆಗಮ, ಆದೇಶಗಳು. ಎರಡು ಅಕ್ಷರಗಳು ನಡುವೆ ಎಡೆಯಿಲ್ಲದಂತೆ ಕೂಡುವುದೇ ಸಂಧಿಯೆಂದು ವ್ಯಾಕರಣದ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಈ ಪದ ವೈಯಾಕರಣರ ಸ್ವತ್ತು ಮಾತ್ರವಲ್ಲ. ವೈದ್ಯರೂ ಇದನ್ನು ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಎರಡು ಮೂಳೆಗಳು ಕೂಡುವ ಎಡೆಯೂ ಸಂಧಿಯೇ. ಆಡುಮಾತಿನಲ್ಲಿ ಇದನ್ನು ಕೀಲು ಎನ್ನುತ್ತೇವೆ. ಬೆರಳಿನದಾದರೆ ಗೆಣ್ಣು ಎನ್ನುತ್ತೇವೆ. ಗಾಡಿಗೂ ಕೀಲುಂಟು, ಬಾಗಿಲಿಗೂ ಕೀಲುಂಟು, ಕಬ್ಬಿಗೂ ಗೆಣ್ಣುಂಟು. ನಮ್ಮ ಜನ ಹೊಲದಲ್ಲಿಯೂ ಮನೆಯಲ್ಲಿಯೂ ಕಂಡದ್ದನ್ನೇ ತಮ್ಮ ಮೈಯಲ್ಲಿಯೂ ಕಂಡು ಹೆಸರಿಟ್ಟರು.

ವಿಜ್ಞಾನದ ವಿದ್ಯಾರ್ಥಿಯಲ್ಲದ ನಾನು ಈ ವಿಷಯವನ್ನು ಏಕೆ ಆರಿಸಿಕೊಂಡೆನೆಂದು ವಾಚಕ ಮಿತ್ರರು ಕೇಳಬಹುದು. ನನ್ನ ಐಚ್ಛಿಕ ವಿಷಯಗಳಲ್ಲಿ ಅರ್ಥಶಾಸ್ತ್ರವೂ ಒಂದು. ಭೂಮಿ, ಶ್ರಮ, ಬಂಡವಾಳ, ಸಂಘಟನೆ—ಇವು ಉತ್ಪಾದನೆಯ ನಾಲ್ಕು ಅಂಗಗಳೆಂದು ಅಲ್ಲಿ ಓದುತ್ತೇವೆ. ಬಂಡವಾಳದ ಅಧ್ಯಾಯದಲ್ಲಿ ‘ಸವಕಳಿ’ ಎಂಬ ಒಂದು ಮಾತಿದೆ. ಯಂತ್ರವು ದುಡಿದಂತೆಲ್ಲ ಸವೆಯುತ್ತದೆ; ಅದರ ಮಾಲಿಕನು ಆ ಸವಕಳಿಗಾಗಿ ವರ್ಷವರ್ಷವೂ ಇಷ್ಟು ಹಣವನ್ನು ತೆಗೆದಿರಿಸುತ್ತಾನೆ. ಶ್ರಮದ ಅಧ್ಯಾಯದಲ್ಲಿ ಈ ಮಾತು ಬರುವುದಿಲ್ಲ. ಶ್ರಮವೆಂದರೇನು? ಮೊಣಕೈ ಮಡಿಸಿ ಚಾಚುವುದು, ಸೊಂಟ ಬಗ್ಗಿಸುವುದು, ಮಂಡಿ ಊರಿ ಏಳುವುದು. ಮನುಷ್ಯನು ಮಾಡುವ ಎಲ್ಲ ದೈಹಿಕ ಕೆಲಸವೂ ಕೊನೆಗೆ ಕೀಲುಗಳ ಚಲನೆಯೇ. ಹಾಗಿದ್ದಮೇಲೆ ಆ ಕೀಲುಗಳ ರಚನೆ ಎಂತಹುದು, ಅವು ಹೇಗೆ ಚಲಿಸುತ್ತವೆ, ಹೇಗೆ ಸವೆಯುತ್ತವೆ ಎಂಬುದನ್ನು ಕಲಾ ವಿದ್ಯಾರ್ಥಿಯೂ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ. ಗ್ರಂಥಾಲಯದಲ್ಲಿ ದೊರೆತ ಪುಸ್ತಕಗಳಿಂದ ನಾನು ತಿಳಿದುಕೊಂಡುದನ್ನು ಕ್ರಮವಾಗಿ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಪ್ರಾಚೀನರ ಎಣಿಕೆ

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಸಂಧಿಗಳ ವಿಚಾರವಾಗಿ ವಿವರವಾದ ವರ್ಣನೆಯಿದೆ. ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಮೆತ್ತಗಾದ ಮೇಲೆ ಪದರಪದರವಾಗಿ ಬಿಡಿಸಿ ಕಣ್ಣಾರೆ ನೋಡಬೇಕೆಂದು ವಿಧಿಸಿದ ಗ್ರಂಥವದು. ಅದರ ಪ್ರಕಾರ ಸಂಧಿಗಳು ಎರಡು ಬಗೆ: ಚೇಷ್ಟೆಯುಳ್ಳವು, ಸ್ಥಿರವಾದವು. ಒಟ್ಟು ಸಂಖ್ಯೆ 210. ಕೈಕಾಲುಗಳಲ್ಲಿ 68, ನಡುವಣ ಮೈಯಲ್ಲಿ 59, ಕತ್ತಿನಿಂದ ಮೇಲೆ 83. ಇವು ಮೂಳೆಗಳ ಸಂಧಿಗಳು ಮಾತ್ರ. ಮಾಂಸಖಂಡ, ಸ್ನಾಯು, ಸಿರೆಗಳ ಸಂಧಿಗಳಿಗೆ ಲೆಕ್ಕವಿಲ್ಲವೆಂದೂ ಅಲ್ಲಿಯೇ ಹೇಳಿದೆ.

ಆಕಾರವನ್ನು ನೋಡಿ ಸುಶ್ರುತನು ಎಂಟು ಬಗೆಗಳನ್ನು ಮಾಡಿದ್ದಾನೆ. ಬೆರಳು, ಮಣಿಕಟ್ಟು, ಮೊಣಕೈ, ಮಂಡಿಗಳದು ‘ಕೋರ’. ಕಂಕುಳು, ತೊಡೆಸಂದು, ಹಲ್ಲುಗಳದು ‘ಉಲೂಖಲ’, ಅಂದರೆ ಒರಳು. ತಲೆಬುರುಡೆಯ ಎಲುಬುಗಳು ಕೂಡುವುದು ‘ತುನ್ನಸೇವನೀ’, ಅಂದರೆ ಹೊಲಿದ ಬಟ್ಟೆಯ ಹೊಲಿಗೆಯಂತೆ. ದವಡೆಯ ಎರಡು ಪಕ್ಕಗಳಲ್ಲಿರುವುದು ‘ವಾಯಸತುಂಡ’, ಕಾಗೆಯ ಕೊಕ್ಕು. ಉಳಿದವು ಸಮುದ್ಗ, ಪ್ರತರ, ಮಂಡಲ, ಶಂಖಾವರ್ತ. ಇವುಗಳಲ್ಲಿ ಕೆಲವನ್ನು ಇಂದಿನ ಶರೀರಶಾಸ್ತ್ರವು ಸಂಧಿಗಳೆಂದು ಎಣಿಸುವುದಿಲ್ಲ. ಆದರೆ ತೊಡೆಸಂದನ್ನು ಒರಳಿಗೂ ಬುರುಡೆಯ ಗೆರೆಯನ್ನು ಹೊಲಿಗೆಗೂ ಹೋಲಿಸಿದ ಕಣ್ಣು ಸಾಮಾನ್ಯವಾದುದಲ್ಲ. ಆಧುನಿಕ ಶಾಸ್ತ್ರಜ್ಞರೂ ಅದೇ ಕೀಲನ್ನು ಬಟ್ಟಲು ಮತ್ತು ಗುಂಡು ಎನ್ನುತ್ತಾರೆ. ಬುರುಡೆಯ ಗೆರೆಗೆ ಅವರು ಲ್ಯಾಟಿನಿನಲ್ಲಿ ಇಟ್ಟ ಹೆಸರಿನ ಅರ್ಥವೂ ಹೊಲಿಗೆಯೇ.

ಅಲುಗದ ಸಂಧಿಗಳು, ಅರೆ ಅಲುಗುವ ಸಂಧಿಗಳು

ಬೆಳೆದ ಮನುಷ್ಯನಲ್ಲಿ 206 ಮೂಳೆಗಳಿವೆ. ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಇನ್ನೊಂದು ಮೂಳೆಯೊಡನೆ ಸಂಧಿಗೊಂಡಿವೆ. ಆ ಒಂದು, ನಾಲಗೆಯ ಬುಡದಲ್ಲಿ ಕುದುರೆಲಾಳದ ಆಕಾರದಲ್ಲಿರುವ ಮೂಳೆ; ಅದು ಸ್ನಾಯುಗಳಲ್ಲಿ ತೂಗಿಕೊಂಡಿದೆ. ಉಳಿದ ಮೂಳೆಗಳು ಕೂಡುವ ರೀತಿ ಮೂರು.

ಮೊದಲನೆಯದು ನಾರಿನ ಬೆಸುಗೆ. ತಲೆಬುರುಡೆ ಇದಕ್ಕೆ ಉತ್ತಮ ಉದಾಹರಣೆ. ಹುಟ್ಟಿದ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟರೆ ಮೆತ್ತಗೆ ಮಿಡಿಯುವುದು ತಿಳಿಯುತ್ತದೆ. ಅಲ್ಲಿ ಎಲುಬುಗಳು ಇನ್ನೂ ಕೂಡಿಲ್ಲ. ನಡುವೆ ಪೊರೆ ಮಾತ್ರ ಇದೆ. ಹೆರಿಗೆಯ ಇಕ್ಕಟ್ಟಿನಲ್ಲಿ ಈ ಎಲುಬುಗಳು ಒಂದರ ಮೇಲೊಂದು ತುಸು ಜರುಗಿ ಮಗುವಿನ ತಲೆ ಹೊರಬರಲು ಎಡೆಮಾಡಿಕೊಡುತ್ತವೆ. ಆ ಬಳಿಕ ಬೆಳೆಯುತ್ತಿರುವ ಮಿದುಳಿಗೂ ಸ್ಥಳ ಬೇಕು. ಮುಂದಣ ನೆತ್ತಿ ಸುಮಾರು ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಮುಚ್ಚುತ್ತದೆ. ಅನಂತರ ಎಲುಬಿನ ಅಂಚುಗಳು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಸೇರಿ ಭದ್ರವಾಗುತ್ತವೆ. ಹಲ್ಲು ದವಡೆಯಲ್ಲಿ ನೆಟ್ಟಿರುವುದೂ ಇದೇ ಬಗೆಯ ನಾರಿನ ಬಂಧನದಿಂದಲೇ.

ಎರಡನೆಯದು ಮೃದ್ವಸ್ಥಿಯ ಬೆಸುಗೆ. ಬೆನ್ನುಮೂಳೆಯ ಮಣಿಗಳ ನಡುವೆ ಬಿಲ್ಲೆಗಳಂಥ ಮೆತ್ತೆಗಳಿವೆ. ಅವುಗಳ ಸಂಖ್ಯೆ 23. ಹೊರಗೆ ಸುತ್ತುನಾರು, ಒಳಗೆ ನೀರಿನಂಶ ಹೆಚ್ಚಾಗಿರುವ ಲೋಳೆ. ಒಂದೊಂದು ಬಿಲ್ಲೆಯೂ ಸ್ವಲ್ಪವೇ ಅಲುಗಬಲ್ಲುದು. ಆದರೆ ಹನಿಗೂಡಿದರೆ ಹಳ್ಳವೆಂಬಂತೆ ಎಲ್ಲವೂ ಸೇರಿ ಬೆನ್ನು ಬಿಲ್ಲಾಗುತ್ತದೆ. ಹಗಲೆಲ್ಲ ನಿಂತು ಕುಳಿತು ಹೊರೆ ಹೊತ್ತಾಗ ಈ ಬಿಲ್ಲೆಗಳಿಂದ ನೀರು ಒಸರಿ ಅವು ತೆಳ್ಳಗಾಗುತ್ತವೆ. ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ. ಆದುದರಿಂದ ನಾವೆಲ್ಲರೂ ಸಂಜೆಗಿಂತ ಬೆಳಗ್ಗೆ ಸುಮಾರು ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಾಗಿರುತ್ತೇವೆ. ಎತ್ತರ ಅಳೆದು ಸೇರಿಸಿಕೊಳ್ಳುವ ಕೆಲಸಗಳಿಗೆ ಅರ್ಜಿ ಹಾಕುವ ಮಿತ್ರರು ಇದನ್ನು ನೆನಪಿಡಬಹುದು.

ಚಲಿಸುವ ಸಂಧಿಯ ರಚನೆ

ಮೂರನೆಯದೇ ನಿಜವಾದ ಕೀಲು. ಇಲ್ಲಿ ಎರಡು ಮೂಳೆಗಳ ನಡುವೆ ಎಡೆಯಿದೆ. ಆ ಎಡೆಯ ಸುತ್ತ ನಾರಿನ ಒಂದು ಚೀಲವಿದೆ. ಚೀಲದ ಒಳಮೈಗೆ ತೆಳುವಾದ ಪೊರೆ. ಆ ಪೊರೆಯಿಂದ ಒಸರುವುದು ಕೀಲೆಣ್ಣೆ. ಎಣ್ಣೆಯೆಂದು ನಾವು ಕರೆದರೂ ಅದು ಎಣ್ಣೆಯಲ್ಲ. ಮೊಟ್ಟೆಯ ಬಿಳಿಯ ಭಾಗದಂತೆ ನೂಲುನೂಲಾಗಿ ಎಳೆಯುವ ದ್ರವ. ಮೈಯಲ್ಲೆಲ್ಲ ದೊಡ್ಡದಾದ ಮಂಡಿಯ ಕೀಲಿನಲ್ಲಿಯೂ ಆರೋಗ್ಯವಂತನಿಗೆ ಇದು ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ಚೀಲದ ಹೊರಗೆ ಮೂಳೆಯಿಂದ ಮೂಳೆಗೆ ಬಿಗಿದ ಅಸ್ಥಿಬಂಧಗಳು. ಅವುಗಳ ಮೇಲೆ ಸ್ನಾಯುಗಳು ಮತ್ತು ಅವುಗಳ ರಜ್ಜುಗಳು.

ಇಲ್ಲಿ ಅತ್ಯಂತ ಆಶ್ಚರ್ಯಕರವಾದುದು ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿ. ಇದು ಹೊಳಪಾದ, ನೀಲಿಬಿಳುಪಿನ, ಕೆಲವೇ ಮಿಲಿಮೀಟರು ದಪ್ಪನೆಯ ಪದರ. ಎರಡು ಮಂಜುಗಡ್ಡೆಗಳನ್ನು ಒಂದರ ಮೇಲೊಂದು ಜಾರಿಸಿದರೆ ಆಗುವ ಘರ್ಷಣೆಗಿಂತಲೂ ಆರೋಗ್ಯವಾದ ಕೀಲಿನಲ್ಲಿ ಆಗುವ ಘರ್ಷಣೆ ಕಡಿಮೆ. ಇದಕ್ಕೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತವಿಲ್ಲದಮೇಲೆ ಅನ್ನವೆಲ್ಲಿಂದ? ಕೀಲೆಣ್ಣೆಯಿಂದ. ನಾವು ಹೆಜ್ಜೆಯಿಟ್ಟಾಗ ಮೃದ್ವಸ್ಥಿ ಹಿಂಡಿದ ಒದ್ದೆ ಬಟ್ಟೆಯಂತೆ ದ್ರವವನ್ನು ಹೊರಬಿಡುತ್ತದೆ. ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಚಲನೆಯೇ ಅದಕ್ಕೆ ಊಟ. ಅಲುಗಾಡದೆ ಕಟ್ಟಿಹಾಕಿದ ಕೀಲಿನ ಮೃದ್ವಸ್ಥಿ ಸೊರಗುತ್ತದೆ.

ರಕ್ತವಿಲ್ಲದಿರುವುದರಿಂದ ಇನ್ನೊಂದು ಕಷ್ಟವೂ ಇದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ಮೃದ್ವಸ್ಥಿ ಹಾಗೆ ಮಾಯುವುದಿಲ್ಲ. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಮೊದಲಿನಂತಾಗುವುದಿಲ್ಲವೆಂಬುದನ್ನು 1743ರಲ್ಲಿಯೇ ಸ್ಕಾಟ್ಲೆಂಡ್ ಮೂಲದ ವೈದ್ಯ ವಿಲಿಯಂ ಹಂಟರ್ ಬರೆದಿಟ್ಟಿದ್ದಾನೆ. ನರವೂ ಇಲ್ಲದಿರುವುದರಿಂದ ಸವೆತದ ಮೊದಲ ಹಂತಗಳಲ್ಲಿ ನೋವೇ ತಿಳಿಯುವುದಿಲ್ಲ. ಪೊರೆಗೆ, ಚೀಲಕ್ಕೆ, ಕೆಳಗಣ ಮೂಳೆಗೆ ತೊಂದರೆ ತಟ್ಟಿದಾಗಲೇ ನೋವು. ಅಷ್ಟು ಹೊತ್ತಿಗೆ ಕಳೆಯಬೇಕಾದುದನ್ನು ಬಹುಮಟ್ಟಿಗೆ ಕಳೆದುಕೊಂಡಾಗಿರುತ್ತದೆ.

ಬೆರಳುಗಳ ನೆಟಿಗೆ ಮುರಿಯುವ ಅಭ್ಯಾಸದ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ಪರೀಕ್ಷೆಯ ಕೊಠಡಿಯಲ್ಲಿ ಈ ಸದ್ದನ್ನು ಕೇಳದವರಿಲ್ಲ. ಅದು ಮೂಳೆ ಮೂಳೆಗೆ ತಾಗುವ ಸದ್ದಲ್ಲ. ಗೆಣ್ಣನ್ನು ಎಳೆದಾಗ ಕೀಲೆಣ್ಣೆಯಲ್ಲಿ ಒಮ್ಮೆಗೇ ಅನಿಲದ ಒಂದು ಪೊಳ್ಳು ಉಂಟಾಗುತ್ತದೆ; ಕೆನಡಾದ ಸಂಶೋಧಕರು 2015ರಲ್ಲಿ ಎಂ.ಆರ್.ಐ. ಯಂತ್ರದೊಳಗೆ ಬೆರಳನ್ನೆಳೆದು ಇದನ್ನು ಚಿತ್ರದಲ್ಲಿ ಹಿಡಿದರು. ನೆಟಿಗೆ ಮುರಿದರೆ ಕೀಲುವಾತ ಬರುತ್ತದೆಂದು ಹಿರಿಯರು ಗದರಿಸುವುದು ಎಲ್ಲ ದೇಶಗಳಲ್ಲಿಯೂ ಇದೆ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯನು ಐವತ್ತು ವರ್ಷ ಎಡಗೈಯ ಬೆರಳುಗಳ ನೆಟಿಗೆ ಮಾತ್ರ ಮುರಿದು, ಬಲಗೈಯನ್ನು ಹಾಗೆಯೇ ಬಿಟ್ಟು, ಎರಡರಲ್ಲಿಯೂ ವಾತವಿಲ್ಲವೆಂದು 1998ರಲ್ಲಿ ಪ್ರಕಟಿಸಿದನು. ಒಬ್ಬನ ಕೈಯಿಂದ ಸಿದ್ಧಾಂತ ಹುಟ್ಟುವುದಿಲ್ಲ, ನಿಜ. ಆದರೆ ಆತನ ತಾಳ್ಮೆಯನ್ನು ಮೆಚ್ಚಲೇಬೇಕು.

ಚಲನೆಯ ಬಗೆಗಳು

ಕೀಲಿನ ಆಕಾರವೇ ಅದರ ಚಲನೆಯನ್ನು ನಿರ್ಧರಿಸುತ್ತದೆ. ಈ ಒಂದು ಸೂತ್ರವನ್ನು ಹಿಡಿದರೆ ಉಳಿದುದೆಲ್ಲ ಸುಲಭ. ಓದುತ್ತ ಓದುತ್ತ ತಮ್ಮ ಕೈಕಾಲುಗಳನ್ನೇ ಆಡಿಸಿ ನೋಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇನೆ.

ಬಾಗಿಲ ಕೀಲು: ಮೊಣಕೈಯನ್ನು ಮಡಿಸಿ, ಚಾಚಿ. ಬೇರೆ ಯಾವ ದಿಕ್ಕಿಗೂ ಅದು ಹೋಗದು. ಬೆರಳಿನ ತುದಿಯ ಗೆಣ್ಣುಗಳೂ ಹೀಗೆಯೇ.

ತಿರುಗಣೆ ಕೀಲು: ಈಗ ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ. ಮೊಣಕೈ ಬಾಗಿಲಿನಂತಿದ್ದರೆ ಇದು ಹೇಗಾಯಿತು? ಮುಂದೋಳಿನಲ್ಲಿ ಎರಡು ಮೂಳೆಗಳಿವೆ. ಅಂಗೈ ಮೇಲಕ್ಕಿದ್ದಾಗ ಅವೆರಡೂ ಸಮಾಂತರವಾಗಿರುತ್ತವೆ. ಅಂಗೈಯನ್ನು ಕೆಳಕ್ಕೆ ಮಾಡಿದಾಗ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದನ್ನು ಅಡ್ಡಹಾಯ್ದು ಮಲಗುತ್ತದೆ. ಬೀಗದ ಕೈ ತಿರುಗಿಸುವುದು, ತುತ್ತನ್ನು ಬಾಯಿಗಿಡುವುದು, ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸುವುದು—ಎಲ್ಲಕ್ಕೂ ಈ ಎರಡು ಮೂಳೆಗಳ ಆಟ ಬೇಕು. ಕತ್ತಿನ ಮೇಲ್ತುದಿಯಲ್ಲಿಯೂ ಇಂಥದೊಂದು ಕೀಲಿದೆ. ಎರಡನೆಯ ಮಣಿಯಿಂದ ಗೂಟದಂತೆ ಎದ್ದ ಮೊನೆಯ ಸುತ್ತ ಮೊದಲನೆಯ ಮಣಿ ಉಂಗುರದಂತೆ ತಿರುಗುತ್ತದೆ. ‘ಇಲ್ಲ’ವೆಂದು ತಲೆಯಾಡಿಸುವುದು ಬಹುಮಟ್ಟಿಗೆ ಇಲ್ಲಿ, ‘ಹೌದು’ ಎಂದು ತಲೆದೂಗುವುದು ಅದಕ್ಕೂ ಮೇಲೆ, ಬುರುಡೆ ಮತ್ತು ಮೊದಲ ಮಣಿಯ ನಡುವೆ. ಹೌದೂ ಅಲ್ಲದೆ ಇಲ್ಲವೂ ಅಲ್ಲದೆ ‘ಆಗಲಿ ನೋಡೋಣ’ ಎಂದು ನಾವು ತಲೆಯನ್ನು ಅತ್ತಿತ್ತ ಓಲಿಸುತ್ತೇವಲ್ಲ, ಅದಕ್ಕೆ ಕತ್ತಿನ ಕೆಳಗಣ ಮಣಿಗಳೂ ಸೇರಬೇಕು.

ಜೀನಿನ ಕೀಲು: ಹೆಬ್ಬೆರಳಿನ ಬುಡದಲ್ಲಿದೆ. ಕುದುರೆಯ ಜೀನಿನ ಮೇಲೆ ಇನ್ನೊಂದು ಜೀನನ್ನು ಅಡ್ಡಲಾಗಿ ಕವುಚಿಟ್ಟಂತೆ ಇದರ ಆಕಾರ. ಇದರಿಂದಲೇ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಎದುರು ಬಂದು ನಿಲ್ಲುತ್ತದೆ. ಲೇಖನಿ, ಸೂಜಿ, ಕುಡುಗೋಲು, ನೇಗಿಲ ಮೇಣಿ ಇವೆಲ್ಲ ಮಾನವನ ಕೈ ಸೇರಿದುದು ಈ ಕೀಲಿನ ದೆಸೆಯಿಂದ.

ಗುಂಡು ಬಟ್ಟಲ ಕೀಲು: ಭುಜ ಮತ್ತು ಸೊಂಟ. ಎರಡಕ್ಕೂ ಹೆಸರು ಒಂದೇ, ಗುಣ ಬೇರೆ. ಭುಜದ ಬಟ್ಟಲು ಬಟ್ಟಲಲ್ಲ, ತಟ್ಟೆ. ಗುಂಡಿನ ಮೂರನೆಯ ಒಂದು ಭಾಗವನ್ನೂ ಅದು ಹಿಡಿಯಲಾರದು. ಆದುದರಿಂದ ತೋಳು ಮುಂದೆ, ಹಿಂದೆ, ಮೇಲೆ, ಸುತ್ತ ಎಲ್ಲ ಕಡೆಗೂ ಹೋಗುತ್ತದೆ. ತೋಳನ್ನು ನೆಟ್ಟಗೆ ಮೇಲಕ್ಕೆತ್ತಿದಾಗ ಆಗುವ 180 ಅಂಶಗಳ ಚಲನೆಯಲ್ಲಿ ಸುಮಾರು 120 ಮಾತ್ರ ಭುಜದ ಕೀಲಿನದು. ಉಳಿದ 60 ಹೆಗಲ ಹಲಗೆ ಬೆನ್ನಿನ ಮೇಲೆ ಜಾರುವುದರಿಂದ ಬರುತ್ತದೆ. ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಇದೆ: ದೊಡ್ಡ ಕೀಲುಗಳಲ್ಲಿ ಹೆಚ್ಚಾಗಿ ತಪ್ಪುವುದು ಭುಜವೇ. ಸೊಂಟದ ಬಟ್ಟಲಾದರೋ ನಿಜವಾದ ಒರಳು. ಗುಂಡು ಆಳವಾಗಿ ಹೂತಿದೆ. ಮುಂದುಗಡೆ ಮೈಯಲ್ಲೆಲ್ಲ ಬಲವಾದ ಅಸ್ಥಿಬಂಧ ಅದನ್ನು ಬಿಗಿದಿದೆ. ಚಲನೆ ಕಡಿಮೆ, ಭದ್ರತೆ ಹೆಚ್ಚು.

ಈ ಸೊಂಟದ ಕೀಲಿನ ಮೇಲೆ ಜರ್ಮನಿಯ ವೆಬರ್ ಸಹೋದರರು ಮಾಡಿದ ಒಂದು ಪ್ರಯೋಗ ಪ್ರಸಿದ್ಧವಾದುದು. 1836ರಲ್ಲಿ ಅವರು ಮಾನವನ ನಡಿಗೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಶವದ ತೊಡೆಯ ಸುತ್ತಣ ಸ್ನಾಯುಗಳನ್ನೂ ಕೀಲಿನ ಚೀಲವನ್ನೂ ಕೊಯ್ದರೂ ಕಾಲು ಕಳಚಿ ಬೀಳಲಿಲ್ಲ. ಬಟ್ಟಲಿನ ಹಿಂದಿನಿಂದ ಸಣ್ಣ ರಂಧ್ರ ಕೊರೆದು ಗಾಳಿ ಹೋಗಲು ಬಿಟ್ಟೊಡನೆ ಗುಂಡು ಜಾರಿತು. ನಮ್ಮ ಸುತ್ತಣ ವಾಯುವಿನ ಒತ್ತಡವೂ ನಮ್ಮ ಕಾಲುಗಳನ್ನು ಹಿಡಿದಿಡುವ ಕೆಲಸದಲ್ಲಿ ಪಾಲುಗೊಂಡಿದೆಯೆಂದು ಅವರು ತೋರಿಸಿದರು.

ಸನ್ನೆಯ ಲೆಕ್ಕ

ಕೀಲು ತಾನಾಗಿ ಚಲಿಸದು. ಸ್ನಾಯು ಅದನ್ನು ಎಳೆಯಬೇಕು. ಸ್ನಾಯು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದ್ದರಿಂದ ಪ್ರತಿ ಕೀಲಿಗೂ ಮಡಿಸುವುದಕ್ಕೊಂದು, ಚಾಚುವುದಕ್ಕೊಂದು—ಹೀಗೆ ಎದುರುಬದುರು ಸ್ನಾಯುಗಳಿವೆ. ಇಟಲಿಯ ಬೊರೆಲ್ಲಿ ಹದಿನೇಳನೆಯ ಶತಮಾನದಲ್ಲಿಯೇ ಮೂಳೆಗಳನ್ನು ಸನ್ನೆಗೋಲುಗಳೆಂದೂ ಕೀಲುಗಳನ್ನು ಆನಿಕೆಗಳೆಂದೂ ಎಣಿಸಿ ಲೆಕ್ಕ ಹಾಕಿದನು. ಅವನ ಲೆಕ್ಕದಿಂದ ಹೊರಬಿದ್ದ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ನಮ್ಮ ಸ್ನಾಯುಗಳು ತಾವು ಎತ್ತುವ ಭಾರಕ್ಕಿಂತ ಹಲವು ಪಟ್ಟು ಹೆಚ್ಚು ಬಲವನ್ನು ಹಾಕಬೇಕಾಗುತ್ತದೆ.

ಏಕೆಂದರೆ ಸ್ನಾಯು ಕೀಲಿಗೆ ತೀರ ಹತ್ತಿರದಲ್ಲಿ ಅಂಟಿಕೊಂಡಿದೆ. ಮೊಣಕೈಯನ್ನು ಲಂಬವಾಗಿ ಮಡಿಸಿ 5 ಕಿಲೋಗ್ರಾಂ ತೂಕದ ಕೊಡವನ್ನು ಹಿಡಿದಿದ್ದೇವೆಂದು ಇಟ್ಟುಕೊಳ್ಳೋಣ. ಅಂಗೈ ಮೊಣಕೈಯಿಂದ ಸುಮಾರು 35 ಸೆಂಟಿಮೀಟರ್ ದೂರ. ತೋಳಿನ ಸ್ನಾಯು ಅಂಟಿರುವುದು ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ಮೂವತ್ತೈದನ್ನು ಐದರಿಂದ ಭಾಗಿಸಿದರೆ ಏಳು. ಎಂದರೆ 5 ಕಿಲೋ ಕೊಡಕ್ಕೆ ಸ್ನಾಯು 35 ಕಿಲೋ ಭಾರಕ್ಕೆ ಸಮನಾದ ಬಲವನ್ನು ಹಾಕಬೇಕು. ಆ ಬಲದ ಬಹುಭಾಗವೂ ಮೊಣಕೈ ಕೀಲನ್ನೇ ಒತ್ತುತ್ತದೆ. ಬಲದಲ್ಲಿ ನಷ್ಟವಾದರೂ ವೇಗದಲ್ಲಿ ಲಾಭ: ಸ್ನಾಯು ಒಂದು ಅಂಗುಲ ಕುಗ್ಗಿದರೆ ಕೈ ಏಳು ಅಂಗುಲ ಚಲಿಸುತ್ತದೆ. ಕಲ್ಲೆಸೆಯುವುದು, ಕೊಡಲಿ ಬೀಸುವುದು ಸಾಧ್ಯವಾದುದು ಹೀಗೆ.

ಇದೇ ನಿಯಮ ಸೊಂಟದಲ್ಲಿ ಇನ್ನೂ ಕಠಿಣವಾಗುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ಒಂದು ಕ್ಷಣ ಒಂದೇ ಕಾಲಿನ ಮೇಲೆ ನಿಂತಿರುತ್ತೇವೆ. ಆಗ ಮೈಯೆಲ್ಲ ಎತ್ತಿದ ಕಾಲಿನ ಕಡೆಗೆ ವಾಲುತ್ತದೆ. ವಾಲದಂತೆ ತಡೆಯಲು ನಿಂತ ಕಾಲಿನ ಕಡೆಯ ಪಿರ್ರೆಯ ಸ್ನಾಯುಗಳು ಬಲವಾಗಿ ಎಳೆಯುತ್ತವೆ. ಮೈಯ ತೂಕವೂ ಸ್ನಾಯುವಿನ ಎಳೆತವೂ ಸೇರಿ ಸೊಂಟದ ಗುಂಡಿನ ಮೇಲೆ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. 60 ಕಿಲೋ ತೂಕದ ಮನುಷ್ಯನು ಬರಿಗೈಯಲ್ಲಿ ನಡೆದರೂ 150 ಕಿಲೋಗೆ ಕಡಿಮೆಯಿಲ್ಲ. ಅವನ ಬೆನ್ನಿನ ಮೇಲೆ 50 ಕಿಲೋ ಮೂಟೆಯಿಟ್ಟರೆ? ಅದೇ ಪ್ರಮಾಣದಲ್ಲಿ ಗುಣಿಸಿದರೆ ಸುಮಾರು 275 ಕಿಲೋ. ಅದೂ ಪ್ರತಿ ಹೆಜ್ಜೆಗೆ. ಮಂಡಿಯಲ್ಲಿ ಮೂಟೆ ಹೊರುವವರು ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಈ ಲೆಕ್ಕದಿಂದ ಒಂದು ಉಪಯೋಗವೂ ಇದೆ. ಒಂದು ಕಡೆಯ ಸೊಂಟ ನೋಯುತ್ತಿರುವವರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ನೋಯುವ ಕಡೆಯ ಕೈಯಲ್ಲಿ ಎಂದೇ ಬಹುಜನ ಭಾವಿಸುತ್ತಾರೆ. ನಿಜವಾಗಿ ಹಿಡಿಯಬೇಕಾದುದು ಎದುರು ಕೈಯಲ್ಲಿ. ಎದುರು ಕೈಯ ಕೋಲು ದೂರದಿಂದ ಮೈಯನ್ನು ಎತ್ತಿಹಿಡಿಯುವುದರಿಂದ ನೋಯುವ ಕಡೆಯ ಸ್ನಾಯುವಿನ ಕೆಲಸ ಬಹಳ ತಗ್ಗುತ್ತದೆ. ಸ್ನಾಯುವಿನ ಎಳೆತ ತಗ್ಗಿದರೆ ಕೀಲಿನ ಭಾರವೂ ತಗ್ಗುತ್ತದೆ. ನಮ್ಮೂರುಗಳ ಅಜ್ಜಅಜ್ಜಿಯರಿಗೆ ಇದನ್ನು ಹೇಳಿಕೊಡುವುದಕ್ಕೆ ಯಾವ ಪದವಿಯೂ ಬೇಡ.

ಮಂಡಿಯ ವಿಚಾರ

ಮಂಡಿ ದೇಹದ ಅತಿ ದೊಡ್ಡ ಕೀಲು. ತೊಡೆಮೂಳೆಯ ಎರಡು ದುಂಡು ತುದಿಗಳು ಮೊಣಕಾಲ ಕೆಳಗಿನ ಮೂಳೆಯ ಚಪ್ಪಟೆ ನೆತ್ತಿಯ ಮೇಲೆ ಕುಳಿತಿವೆ. ಆಕಾರದಿಂದ ಭದ್ರತೆಯೇ ಇಲ್ಲ. ಆದುದರಿಂದ ಎರಡೂ ಪಕ್ಕಗಳಲ್ಲಿ ಎರಡು ಕಟ್ಟುಗಳು, ಒಳಗೆ ಕತ್ತರಿಯಂತೆ ಅಡ್ಡಹಾಯ್ದ ಎರಡು ಕಟ್ಟುಗಳು, ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳು. ಮುಂದೆ ಚಿಪ್ಪು. ಈ ಚಿಪ್ಪು ತೊಡೆಯ ಸ್ನಾಯುರಜ್ಜುವಿನೊಳಗೇ ಹುದುಗಿದ್ದು, ರಜ್ಜುವನ್ನು ಕೀಲಿನಿಂದ ದೂರ ಎತ್ತಿಹಿಡಿದು ಅದರ ಬಲವನ್ನು ಹೆಚ್ಚಿಸುತ್ತದೆ. ಹುಟ್ಟಿದ ಮಗುವಿನಲ್ಲಿ ಇದು ಮೃದ್ವಸ್ಥಿಯೇ. ಮೂರನೆಯ ವರ್ಷದಿಂದ ಮುಂದೆ ಮೂಳೆಯಾಗತೊಡಗುತ್ತದೆ.

ಮಂಡಿ ಬರಿಯ ಬಾಗಿಲ ಕೀಲಲ್ಲ. ಕಾಲನ್ನು ಪೂರ್ತಿ ನೆಟ್ಟಗೆ ಮಾಡುವಾಗ ಕೊನೆಯಲ್ಲಿ ಮೂಳೆ ತುಸು ತಿರುಚಿಕೊಂಡು ಕಟ್ಟುಗಳು ಬಿಗಿಯುತ್ತವೆ. ಕೀಲಿಗೆ ಬೀಗ ಬಿದ್ದಂತಾಗುತ್ತದೆ. ಆದುದರಿಂದಲೇ ಹೆಚ್ಚು ಆಯಾಸವಿಲ್ಲದೆ ಬಹಳ ಹೊತ್ತು ನಿಲ್ಲಬಲ್ಲೆವು. ಮಡಿಸುವಾಗ ಹಿಂದುಗಡೆಯ ಸಣ್ಣ ಸ್ನಾಯುವೊಂದು ಆ ಬೀಗವನ್ನು ತೆಗೆಯುತ್ತದೆ.

ನಮ್ಮ ದೇಶದವರು ಮಂಡಿಯನ್ನು ಬಳಸುವ ರೀತಿ ಪಾಶ್ಚಾತ್ಯರಿಗಿಂತ ಬೇರೆ. ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ನಮಗೆ ಸಹಜ. ಲಾಹೋರಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿನವರ ಕಾಲುಮೂಳೆಗಳನ್ನು ಪರೀಕ್ಷಿಸಿ, ಕುಕ್ಕರಿಸುವ ಅಭ್ಯಾಸದಿಂದ ಹರಡಿನ ಮೂಳೆಗಳಲ್ಲಿ ವಿಶೇಷವಾದ ನುಣುಪು ಗುರುತುಗಳಿರುವುದನ್ನು ವರ್ಣಿಸಿದನು. ಅಭ್ಯಾಸವು ಮೂಳೆಯ ಮೇಲೆ ಬರೆಯುತ್ತದೆ. 1968ರಲ್ಲಿ ಜಯಪುರದ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಅವರು ‘ಜಯಪುರ ಪಾದ’ವನ್ನು ರಚಿಸಿದುದೂ ಈ ಕಾರಣಕ್ಕಾಗಿಯೇ. ವಿದೇಶಗಳ ಕೃತಕ ಪಾದ ಬೂಟಿನೊಳಗೆ ಇರಲು ತಕ್ಕುದಾಗಿತ್ತು, ಹರಡು ಬಾಗುತ್ತಿರಲಿಲ್ಲ. ನಮ್ಮ ರೈತನಿಗೆ ಬೇಕಾದುದು ಕುಕ್ಕರಿಸಬಲ್ಲ, ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬಲ್ಲ ಪಾದ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಕುಕ್ಕರಿಸುವುದೇ ಕೆಡುಕೆಂದು ಹೇಳಲಾಗದು. ಆದರೆ ಪೂರ್ತಿ ಮಡಿಸಿದ ಮಂಡಿಯ ಮೇಲೆ, ಅದರಲ್ಲಿಯೂ ಏಳುವಾಗ, ದೇಹದ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ದಿನವೂ ಗಂಟೆಗಟ್ಟಲೆ ಮಂಡಿ ಮಡಿಸಿ ದುಡಿಯುವವರಲ್ಲಿ, ಜೊತೆಗೆ ಭಾರ ಎತ್ತುವವರಲ್ಲಿ, ಮಂಡಿಯ ಸಂಧಿವಾತ ಹೆಚ್ಚೆಂಬುದು ಸಿದ್ಧವಾದ ಸಂಗತಿ. ನನ್ನ ತಾಯಿ ಮೂವತ್ತು ವರ್ಷ ರಾಗಿ ಹೊಲಗಳಲ್ಲಿ ಕುಕ್ಕರುಗಾಲಿನಲ್ಲಿ ಸರಿಯುತ್ತ ಕಳೆ ತೆಗೆದವರು. ಆ ಕೂಲಿಯಿಂದಲೇ ನಾನು ಈ ಕಾಲೇಜಿನವರೆಗೆ ಬಂದೆ. ನಮ್ಮ ಮನೆಯಲ್ಲಿ ಇಲ್ಲಿಗೆ ಬಂದವರಲ್ಲಿ ನಾನೇ ಮೊದಲು. ಎರಡು ವರ್ಷಗಳ ಹಿಂದೆ ಅವರ ಮಂಡಿ ಊದಿಕೊಂಡಾಗ ತೋರಿಸಿದ ವೈದ್ಯರು, “ಇನ್ನು ಮುಂದೆ ನೆಲದ ಮೇಲೆ ಕೂರಬೇಡಿ, ಕುಕ್ಕರಿಸಬೇಡಿ” ಎಂದರು. ಶಾಸ್ತ್ರದ ದೃಷ್ಟಿಯಿಂದ ಆ ಮಾತು ಸರಿಯೇ. ತಾಯಿ ಹೊರಗೆ ಬಂದು, “ಹಾಗಾದರೆ ಕಳೆಯನ್ನು ನಿಂತುಕೊಂಡು ಕೀಳುವುದನ್ನೂ ಹೇಳಿಕೊಡಬೇಕಿತ್ತು” ಎಂದರು. ಉದ್ದ ಹಿಡಿಯ ಕಳೆಕೊಕ್ಕೆ, ಸಾಲಿನಲ್ಲಿ ಬಿತ್ತಿದ ಹೊಲದಲ್ಲಿ ಓಡಿಸುವ ಗಾಲಿಕುಂಟೆ—ಇವುಗಳನ್ನು ನಿಂತೇ ಬಳಸಬಹುದು. ಅವು ಹೊಲಕ್ಕೆ ಬರಬೇಕಾದರೆ ಹೊಲದ ಒಡೆಯರು ಕೂಲಿಯವರ ಮಂಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಔಷಧಶಾಸ್ತ್ರ ಮುಗಿಯುವ ಎಡೆಯಲ್ಲಿ ಅರ್ಥಶಾಸ್ತ್ರ ಮೊದಲಾಗುತ್ತದೆಂದು ನನಗೆ ಆಗ ತಿಳಿಯಿತು.

ಹಂದಿಗೋಡಿನ ರೋಗ

ಕೀಲುಗಳ ರೋಗವೊಂದು ನಮ್ಮ ರಾಜ್ಯದ ಊರಿನ ಹೆಸರಿನಿಂದಲೇ ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದೆಯೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1974-75ರ ಸುಮಾರಿಗೆ ಅಲ್ಲಿ ಸೊಂಟ ಮತ್ತು ಮಂಡಿಗಳ ತೀವ್ರ ನೋವಿನಿಂದ ನರಳುವವರು ಅನೇಕರಿರುವುದು ಹೊರಜಗತ್ತಿಗೆ ಗೊತ್ತಾಯಿತು. ಮಲೆನಾಡಿನ ಇತರ ಹಳ್ಳಿಗಳಲ್ಲಿಯೂ ಇಂಥವರು ಕಂಡುಬಂದರು. ಹೆಚ್ಚಿನವರು ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ ಬಡ ಕೃಷಿಕಾರ್ಮಿಕರು. ಕೆಲವರಿಗೆ ನೋವು ಮಾತ್ರ. ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಕೆಲವರು ನಡೆಯಲಾರದೆ ತೆವಳುವ ಸ್ಥಿತಿಗೆ ಬರುತ್ತಾರೆ.

ಮೊದಲಿಗೆ ಸಂಶಯ ಹೋದುದು ಅವರ ಊಟದ ಮೇಲೆ. ಗದ್ದೆಗಳಿಗೆ ಕೀಟನಾಶಕ ಸಿಂಪಡಿಸಿದ ಮೇಲೆ ಅಲ್ಲಿಯ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂದು ಭಾವಿಸಲಾಯಿತು. ಮುಂದಿನ ಅಧ್ಯಯನಗಳು ಬೇರೆ ಕಡೆಗೆ ಬೆರಳು ತೋರಿಸಿದವು. ಇದು ವಂಶದಲ್ಲಿ ಇಳಿದು ಬರುವ ರೋಗ. ಮೂಳೆಗಳ ತುದಿಗಳು ಬೆಳೆಯುವ ಕ್ರಮದಲ್ಲಿಯೇ ದೋಷವಿದೆ. ಸೊಂಟದ ಗುಂಡು ಗುಂಡಾಗಿ ಬೆಳೆಯುವುದಿಲ್ಲ, ಬಟ್ಟಲು ಬಟ್ಟಲಾಗುವುದಿಲ್ಲ. ಆಕಾರವೇ ಚಲನೆಯನ್ನು ನಿರ್ಧರಿಸುತ್ತದೆಂದು ಮೇಲೆ ಹೇಳಿದೆನಷ್ಟೆ. ಆಕಾರ ಕೆಟ್ಟ ಕೀಲು ಹರೆಯದಲ್ಲಿಯೇ ಮುದುಕರ ಕೀಲಿನಂತೆ ಸವೆಯುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ರೋಗ ಅವರ ಜಾತಿಗೆ ಬಂದ ಶಾಪವೂ ಅಲ್ಲ, ಅವರ ಊಟದ ತಪ್ಪೂ ಅಲ್ಲ. ಕೆಲವೇ ಕುಟುಂಬಗಳು ತಮ್ಮೊಳಗೇ ಕೊಟ್ಟು ತಂದುಕೊಳ್ಳುವ ಎಡೆಯಲ್ಲಿ ಇಂಥ ದೋಷ ಒಂದೆಡೆ ಉಳಿದುಬಿಡುತ್ತದೆ. ದೇಹಶ್ರಮವಲ್ಲದೆ ಬೇರೆ ಆಸ್ತಿಯಿಲ್ಲದವರಿಗೆ ಕೀಲುಗಳೇ ಹೋದರೆ ಉಳಿಯುವುದೇನು? ಇದೇ ಸೊಂಟದ ಕೀಲಿಗೆ ಇಂಗ್ಲೆಂಡಿನ ಜಾನ್ ಚಾರ್ನ್‌ಲೀ 1962ರಲ್ಲಿ ಉಕ್ಕಿನ ಗುಂಡು ಮತ್ತು ಪಾಲಿಥೀನಿನ ಬಟ್ಟಲನ್ನು ಕೂಡಿಸಿ ಬದಲಿ ಕೀಲನ್ನು ಅಳವಡಿಸಿದನು. ಇಂದು ನಮ್ಮ ನಗರಗಳಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ. ನಗರಕ್ಕೂ ಗದ್ದೆಯ ಬದುವಿಗೂ ಇರುವ ಅಂತರ ಮೈಲಿಗಳದು ಮಾತ್ರವಲ್ಲ.

ಉಪಸಂಹಾರ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 52 ಕೋಟಿ 80 ಲಕ್ಷ ಜನರಿಗೆ ಸವೆತದ ಸಂಧಿವಾತವಿದ್ದಿತು. ಅವರಲ್ಲಿ ಸುಮಾರು 100ಕ್ಕೆ 60 ಮಂದಿ ಹೆಂಗಸರು. ಅತಿ ಹೆಚ್ಚಾಗಿ ಕೆಡುವ ಕೀಲು ಮಂಡಿ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು, ವಂಶ, ಕೆಲಸ ಇವೆಲ್ಲವೂ ಕಾರಣಗಳು. ಕೀಲನ್ನು ಗಾಡಿಯ ಅಚ್ಚಿಗೆ ಹೋಲಿಸುವುದು ಒಂದು ಮಿತಿಯವರೆಗೆ ಮಾತ್ರ ಸರಿ. ಅಚ್ಚು ನಿಂತಷ್ಟೂ ಉಳಿಯುತ್ತದೆ. ಕೀಲು ಹಿತವಾಗಿ ಚಲಿಸಿದರೇನೇ ಉಳಿಯುತ್ತದೆ. ಆದುದರಿಂದ ಮಂಡಿ ನೋವೆಂದು ಮೂಲೆ ಹಿಡಿದು ಕೂರುವುದು ತಕ್ಕುದಲ್ಲ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಸಮನೆಲದ ಮೇಲೆ ನಡಿಗೆ, ತೂಕದ ಹತೋಟಿ—ಇವನ್ನೇ ವೈದ್ಯರು ಇಂದು ಮೊದಲ ಚಿಕಿತ್ಸೆಯೆಂದು ಹೇಳುತ್ತಾರೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸುವುದನ್ನು ಯಾರು ಬೇಕಾದರೂ ಮಾಡಬಹುದು. ಮನೆಯಲ್ಲಿ ಕುರ್ಚಿಯಿಲ್ಲದಿದ್ದರೆ ಜಗಲಿಯ ಅಂಚು ಸಾಕು.

ಇಷ್ಟಾದರೂ ನನ್ನ ಮೊದಲ ಪ್ರಶ್ನೆ ಹಾಗೆಯೇ ನಿಂತಿದೆ. ಯಂತ್ರದ ಸವಕಳಿಯನ್ನು ವೆಚ್ಚದ ಲೆಕ್ಕದಲ್ಲಿ ಬರೆಯುತ್ತೇವೆ. ರಾಗಿಯ ಬೆಲೆಯನ್ನು ಲೆಕ್ಕ ಹಾಕುವಾಗ ಬೀಜ, ಗೊಬ್ಬರ, ಎತ್ತು, ಕೂಲಿ ಎಲ್ಲವನ್ನೂ ಸೇರಿಸುತ್ತೇವೆ. ಕಳೆ ತೆಗೆದವಳ ಮಂಡಿ ಯಾವ ಕಾಲಮಿನಲ್ಲಿ ಬರುತ್ತದೆ? ನಮ್ಮಲ್ಲಿ ಕೆಲವರಾದರೂ ಮುಂದೆ ಅಧ್ಯಾಪಕರಾಗುವೆವು, ಗುಮಾಸ್ತರಾಗುವೆವು, ಅಧಿಕಾರಿಗಳಾಗುವೆವು; ಲೆಕ್ಕದ ಪುಸ್ತಕಗಳು ನಮ್ಮ ಕೈಗೆ ಬರುವುವು. ಆಗ ಈ ಕಾಲಮನ್ನು ಎಳೆಯುವ ಕೆಲಸ ನಮ್ಮದಾಗಲಿ ಎಂದು ಹಾರೈಸಿ, ಈ ಲೇಖನವನ್ನು ಇಲ್ಲಿಗೆ ಮುಗಿಸುತ್ತೇನೆ.